ಉದ್ಘೋಷಕರಾಗಲು ಡಿಗ್ರಿ ಯಾಕೆ ಬೇಕು? ಪ್ರಸಾರ ಸಚಿವರಿಗೊಂದು ಪತ್ರ

ಮಾನ್ಯ ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವರಿಗೆ ನಮಸ್ಕಾರ.

ಆಕಾಶವಾಣಿಯ ಹಂಗಾಮಿ ಉದ್ಘೋಷಕರ ಆಯ್ಕೆ ಬಗ್ಗೆ ಒಂದು ಕೋರಿಕೆ ಇದೆ.

ನಮ್ಮ ಭಾಗದ ಸಮುದಾಯ ಬಾನುಲಿಯಲ್ಲಿ ಬಿಡುವಾದಾಗ ನಾನೂ ಕೈಜೋಡಿಸುತ್ತೇನೆ. ಅಲ್ಲಿ ಒಬ್ಬ ಹೆಣ್ಣುಮಗಳು ಸಂಜೆ ಮಾರುಕಟ್ಟೆ ದರ ಓದುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ಮೈಕ್ ಮುಂದೆ ಕೂರುವ ಮೊದಲು ಪೆನ್ಸಿಲ್ ಹಿಡಿದು ಹಾಳೆಯಲ್ಲಿರುವ ಒಂದೊಂದು 'ಳ'ಕಾರದ ಕೆಳಗೂ ಗೆರೆ ಎಳೆಯುತ್ತಾರೆ. 'ಬೆಳೆ' ಹೋಗಿ 'ಬೆಲೆ' ಆದರೆ ರೈತರಿಗೆ ಅರ್ಥವೇ ಬದಲಾಗುತ್ತದೆ ಅಲ್ವಾ? ಆಮೇಲೆ ಪಿನ್ ಕಿತ್ತು ಹಾಳೆಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತಾರೆ, ಮಗುಚುವ ಸದ್ದು ಮೈಕಿಗೆ ಬೀಳಬಾರದು ಅಂತ. ಒಮ್ಮೆ ಪ್ರಸಾರವಾಗುತ್ತಿದ್ದ ಧ್ವನಿಮುದ್ರಣ ನಡುವೆಯೇ ನಿಂತುಹೋಯಿತು. ಗಾಬರಿಯಾಗದೆ ರಾಗಿ ಬಿತ್ತನೆಯ ಬಗ್ಗೆ ಎರಡು ನಿಮಿಷ ಮಾತಾಡಿ ಸರಿದೂಗಿಸಿದರು. ಕೇಳುಗರಿಗೆ ಗೊತ್ತೇ ಆಗಲಿಲ್ಲ.

ಇವರು ಆಕಾಶವಾಣಿಗೆ ಅರ್ಜಿ ಹಾಕುವಂತಿಲ್ಲ. ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಅದಿದ್ದರೆ ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ. ಪಾಸಾದವರು ಶುಲ್ಕ ಕಟ್ಟಿ 'ವಾಣಿ' ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಇಷ್ಟೆಲ್ಲ ಆದ ಮೇಲೂ ಸಿಗುವುದು ತಿಂಗಳಿಗೆ ಜಾಸ್ತಿ ಅಂದರೆ 6 ಸರದಿಯ ಕೆಲಸ. ಖಾಸಗಿ ಎಫ್‌ಎಂ ಜಾಕಿಗಳಿಗೆ ಈ ಪ್ರಮಾಣಪತ್ರ ಬೇಕಿಲ್ಲ.

ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಅಕ್ಕಿ ಹಕ್ಕಿಯಾಗದಂತೆ ಮಾತಾಡುವುದನ್ನು ನಮ್ಮಲ್ಲಿ ಎಷ್ಟೋ ಜನ ಕಲಿತದ್ದು ಆಕಾಶವಾಣಿ ಕೇಳಿಯೇ. ಆ ಮಟ್ಟ ಕೆಳಗಿಳಿಯಬಾರದು. ಧ್ವನಿ ಪರೀಕ್ಷೆ ಇನ್ನೂ ಬಿಗಿಯಾಗಲಿ. ಆದರೆ ನಾಲಿಗೆ ಹೇಗೆ ಹೊರಳುತ್ತದೆ ಅನ್ನುವುದು ಡಿಗ್ರಿ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಸಮುದಾಯ ಬಾನುಲಿಗೆ ನಿಯಮ ಮಾಡಿದ್ದು ನಿಮ್ಮದೇ ಸಚಿವಾಲಯ. ಕನಿಷ್ಠ ಶೇ 50ರಷ್ಟು ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ಬರಬೇಕು, ಆದಷ್ಟೂ ಅಲ್ಲಿನ ಭಾಷೆ, ಆಡುನುಡಿಯಲ್ಲಿರಬೇಕು ಅನ್ನುತ್ತದೆ ಅದು. ಅಲ್ಲಿ ನಂಬಿದ ದನಿಯನ್ನು ಆಕಾಶವಾಣಿಯ ಬಾಗಿಲಲ್ಲಿ ಯಾಕೆ ತಡೆಯಬೇಕು? ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ ಅಂತ ನೀವು ಹೇಳಬಹುದು. ನಿಜ. ಆದರೆ ನಿಮ್ಮ ಮಾತಿಗೆ ಅಲ್ಲಿ ತೂಕವಿದೆ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಆ ಊರಿನ ನಿಲಯದ್ದು. ಅದಕ್ಕೇ ಈ ವಿಷಯದಲ್ಲಿ ಕನ್ನಡಿಗರಿಗೆ ಸ್ವಲ್ಪ ಸಲಿಗೆ ಹೆಚ್ಚು.

ಸಮುದಾಯ ಬಾನುಲಿಯಲ್ಲಿ ಎರಡು ವರ್ಷ ಮಾತಾಡಿದವರಿಗೆ ಪದವಿ ಇಲ್ಲದಿದ್ದರೂ ಪರೀಕ್ಷೆಗೆ ಕೂರಲು ಬಿಡಿ. ವಾಣಿ ಶುಲ್ಕವನ್ನು ಮೊದಲೇ ವಸೂಲಿ ಮಾಡದೆ ಮುಂದೆ ಅವರು ದುಡಿಯುವ ಸಂಭಾವನೆಯಲ್ಲಿ ಮುರಿದುಕೊಳ್ಳಿ.

ಆ ಹೆಣ್ಣುಮಗಳ ಒಪ್ಪಿಗೆ ಪಡೆದು ಮೂರು ಧ್ವನಿಮುದ್ರಣಗಳನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಹೆಸರು, ಓದು ಏನನ್ನೂ ಹೇಳದೆ ಯಾವುದಾದರೂ ಕನ್ನಡ ನಿಲಯದ ಆಯ್ಕೆ ಸಮಿತಿಗೆ ಕೇಳಿಸಿ. ಅವರು ಏನು ಹೇಳಿದರು ಅಂತ ನಮಗೂ ತಿಳಿಸಿ.

ಇಂತಿ,
ಒಬ್ಬ ಬಾನುಲಿ ಕೇಳುಗ