ಗೋಳಗುಮ್ಮಟ ಪ್ರವಾಸ: ಪಾಲಕರಿಗೆ ಒಂದು ಪತ್ರ

ಮಾನ್ಯ ಪಾಲಕರೇ,

ಬರುವ ಶನಿವಾರ ಐದನೆಯ ತರಗತಿಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ಯುತ್ತೇವೆ. ವಿಜಯಪುರದ ಮಕ್ಕಳು ಅದನ್ನು ನೋಡದವರೇನಲ್ಲ, ಆದರೆ ಪಾಠದ ಜೊತೆ ನೋಡುವುದು ಬೇರೆ. ಈ ಸಲ ಎರಡು ತಂಡಗಳಿರುತ್ತವೆ. ಒಂದು ತಂಡ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋಗುತ್ತದೆ, ಇನ್ನೊಂದು ಕೆಳಗೆ ಉದ್ಯಾನ ಮತ್ತು ಮ್ಯೂಸಿಯಂ ನೋಡುತ್ತದೆ. ಯಾವ ತಂಡವೆಂದು ಮಗುವನ್ನೇ ಕೇಳಿ, ಗುರುವಾರದೊಳಗೆ ಚೀಟಿ ಕಳುಹಿಸಿ.

ಅಲ್ಲಿಯವರೆಗೆ ಹೋಗಿ ಮೇಲೆ ಹತ್ತದಿದ್ದರೆ ಹೇಗೆ ಎಂದು ನೀವು ಕೇಳಬಹುದು. ಮಹಮ್ಮದ್ ಆದಿಲ್‌ಶಾಹನ ಆ ಗುಮ್ಮಟದೊಳಗೆ ಒಂದು ಚಪ್ಪಾಳೆ ಏಳೆಂಟು ಸಲ ಮಾರ್ದನಿಸುತ್ತದೆ. ನಾಲ್ವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಏನಾದೀತು? ಹೆಚ್ಚಿನವರಿಗೆ ಅದೇ ಮೋಜು. ಕೆಲವರಿಗೆ ಅದು ಪೆಟ್ಟು ಬಿದ್ದಷ್ಟೇ ನೋವು. ಫ್ಯಾನಿನ ಸದ್ದನ್ನು ನಮ್ಮ ಮೆದುಳು ಸ್ವಲ್ಪ ಹೊತ್ತಿನಲ್ಲೇ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಆಟಿಸಂ (ಮೆದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆಯುವ ಸ್ಥಿತಿ) ಇರುವ ಹಲವು ಮಕ್ಕಳಲ್ಲಿ, ಅದಿಲ್ಲದ ಕೆಲವರಲ್ಲೂ, ಹಾಗಾಗುವುದಿಲ್ಲ. ಶಿಕ್ಷಕಿಯ ಮಾತು, ಫ್ಯಾನು, ರಸ್ತೆಯ ಟಂಟಂ ಆಟೋ ಸದ್ದು ಎಲ್ಲವೂ ಒಟ್ಟಿಗೇ ಕಿವಿಗೆ ನುಗ್ಗುತ್ತವೆ.

ಬಿಸಿಯೂಟದ ಹೊತ್ತಿನಲ್ಲಿ ಒಬ್ಬ ಹುಡುಗ ತಟ್ಟೆ ಹಿಡಿದು ಗ್ರಂಥಾಲಯದ ಕೋಣೆಗೆ ಹೋಗುತ್ತಾನೆ. ಅವನಿಗೇಕೆ ಆ ಸೌಲಭ್ಯ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪ್ರಶ್ನೆ ಬಂತು. ಅವನ ತಾಯಿಯ ಒಪ್ಪಿಗೆ ಪಡೆದೇ ಉತ್ತರಿಸುತ್ತಿದ್ದೇನೆ. ತೊಳೆಯಲು ತಂದ ಸ್ಟೀಲ್ ತಟ್ಟೆಗಳು ಒಂದರ ಮೇಲೊಂದು ಬೀಳುವಾಗ ಅವನು ಎರಡೂ ಕಿವಿ ಮುಚ್ಚಿ, ಭುಜ ಕುಗ್ಗಿಸಿ ಕೂರುತ್ತಿದ್ದ. ಮುಂದಿದ್ದ ಅನ್ನ ಹಾಗೇ ಆರುತ್ತಿತ್ತು. ಈಗ ಹೊಟ್ಟೆ ತುಂಬ ಉಣ್ಣುತ್ತಾನೆ, ಆಮೇಲೆ ತಾನಾಗಿಯೇ ಎದ್ದು ಲಗೋರಿ ಆಡಲು ಓಡುತ್ತಾನೆ. ಇಂಥ ಅನುಕೂಲ ಮಾಡಿಕೊಡುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶಾಲೆಯ ಕರ್ತವ್ಯ, ನನ್ನ ಔದಾರ್ಯವಲ್ಲ.

ಹಾಗೆಂದು ಇಂಥ ಮಕ್ಕಳನ್ನೆಲ್ಲ ಒಂಟಿ ಕೋಣೆಯಲ್ಲಿ ಕೂರಿಸಿದರೆ ಸಾಕೆಂದೂ ಅಲ್ಲ. ಪರೀಕ್ಷೆಯ ಕೊಠಡಿ ನಿಶ್ಶಬ್ದವಾದಷ್ಟೂ ಗಡಿಯಾರದ ಟಿಕ್‌ಟಿಕ್, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಎದ್ದು ಕೇಳುತ್ತವೆ. ನಮ್ಮಲ್ಲೊಬ್ಬಳು ಅಲ್ಲಿ ಒಂದು ಸಾಲೂ ಬರೆಯಲಾರಳು, ಬೇವಿನ ಮರದ ಕೆಳಗೆ ಕೂತರೆ ಪುಟ ತುಂಬಿಸುತ್ತಾಳೆ. ಎಲೆಗಳ ಸದ್ದು ಅವಳನ್ನು ಕಾಡುವುದಿಲ್ಲ. ಕಾಡುವುದು ಹೇಳದೆ ಕೇಳದೆ ಎರಗುವ ಸದ್ದು. ಆದ್ದರಿಂದ ಗಂಟೆ ಬಾರಿಸುವ ಮುನ್ನ ಅವಳಿಗೆ ಸನ್ನೆ ಮಾಡುತ್ತೇವೆ.

ಮನೆಯಲ್ಲಿ ಇಂಥ ಮಗುವಿದ್ದರೆ, ರೂಢಿಯಾಗಲಿ ಎಂದು ಗಣಪತಿ ಮೆರವಣಿಗೆಯ ಡಿಜೆ ಮುಂದೆ ನಿಲ್ಲಿಸಬೇಡಿ. ಕಿವಿ ಮುಚ್ಚಿಕೊಂಡರೆ ಗದರಬೇಡಿ. ಸದ್ದಿನಿಂದ ದಣಿದು ಮಾತು ನಿಲ್ಲಿಸಿದ ಮಗುವಿಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. ಮಾತು ತಾನಾಗಿ ಮರಳುತ್ತದೆ.

ಇನ್ನೊಂದು ಮಾತು. ಶಾಲೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು 2000ರ ಶಬ್ದಮಾಲಿನ್ಯ ನಿಯಮಗಳಲ್ಲಿ ಅವಕಾಶವಿದೆ. ಸಂಜೆ ನಮ್ಮ ಗೇಟಿನ ಮುಂದೆ ಹಾರ್ನ್ ಒತ್ತುವವರಲ್ಲಿ ಪಾಲಕರೇ ಹೆಚ್ಚು ಎಂಬುದನ್ನು ಬೇಸರದಿಂದಲೇ ಬರೆಯುತ್ತೇನೆ.

ಮಗುವಿಗೆ ತಡೆಯಲಾಗದ ಸದ್ದು ಯಾವುದಾದರೂ ಇದ್ದರೆ, ಕುಕ್ಕರಿನ ಸೀಟಿಯೇ ಇರಲಿ, ಚೀಟಿಯಲ್ಲಿ ಬರೆಯಿರಿ. ಕಿವಿಗೆ ಹತ್ತಿ ಇಟ್ಟುಕೊಂಡು ಬಂದರೂ ಅಡ್ಡಿಯಿಲ್ಲ. 15 ವರ್ಷದೊಳಗಿನವರಿಗೆ ಪ್ರವೇಶ ಉಚಿತವಾದ್ದರಿಂದ ಹಣ ಕೊಡಬೇಡಿ, ಬುತ್ತಿ ಮತ್ತು ನೀರು ಕಳುಹಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ