ಕರಾರಿನ ಸಹಿ, ಹುಡುಗಿಯ ಸಮ್ಮತಿ

ಮಾನ್ಯ ಸಂಪಾದಕರೇ,

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೂರಾರು ಯುವತಿಯರನ್ನು ವಂಚಿಸಿ ನೀಲಿಚಿತ್ರಗಳಿಗೆ ಬಳಸಿಕೊಂಡ ‘ಗರ್ಲ್ಸ್ ಡು ಪೋರ್ನ್’ ಜಾಲತಾಣದ ಮಾಲೀಕ ಮೈಕೆಲ್ ಪ್ರ್ಯಾಟ್‌ಗೆ ಅಲ್ಲಿನ ಫೆಡರಲ್ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ 27 ವರ್ಷಗಳ ಸೆರೆವಾಸ ವಿಧಿಸಿತು. ದೂರದ ದೇಶದ, ಅದೂ ಮನೆಯಲ್ಲಿ ಗಟ್ಟಿಯಾಗಿ ಓದಲು ಮುಜುಗರವಾಗುವ ಸುದ್ದಿ ಎಂದು ನಮ್ಮಲ್ಲಿ ಹಲವರು ಅದನ್ನು ದಾಟಿಕೊಂಡು ಹೋಗಿರಬಹುದು. ಆದರೆ ಇಂಥ ಪ್ರಸಂಗಗಳಲ್ಲಿ ನಾವು ಥಟ್ಟನೆ ಆಡಿಬಿಡುವ ‘ಅವಳೇ ಒಪ್ಪಿ ಹೋದದ್ದಲ್ಲವೇ?’ ಎಂಬ ಮಾತನ್ನು ಆ ಮೊಕದ್ದಮೆ ಬುಡಸಮೇತ ಪರೀಕ್ಷಿಸಿದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ಸಿಕ್ಕಿಬಿದ್ದವರು ಹೆಚ್ಚಾಗಿ ಹದಿನೆಂಟರ ಹೊಸ್ತಿಲು ಆಗಷ್ಟೇ ದಾಟಿದವರು. ಜಾಹೀರಾತಿನಲ್ಲಿ ಇದ್ದದ್ದು ಬರೀ ಮಾಡೆಲಿಂಗ್. ವಿಚಾರಿಸಿದವರಿಗೆ ಆಮೇಲೆ ನಿಜವಾದ ಕೆಲಸ ಏನೆಂದು ತಿಳಿಸಿ, ಕೈತುಂಬ ಹಣದ ಆಸೆ ತೋರಿಸಿ, ಚಿತ್ರವನ್ನು ಇಂಟರ್‌ನೆಟ್‌ಗೆ ಎಂದೂ ಹಾಕುವುದಿಲ್ಲ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಂಥ ದೂರದ ದೇಶಗಳ ಖಾಸಗಿ ಗಿರಾಕಿಗಳಿಗೆ ಡಿವಿಡಿಯಲ್ಲಿ ಮಾತ್ರ ಮಾರುತ್ತೇವೆ ಎಂದು ನಂಬಿಸುತ್ತಿದ್ದರು. ಹುಡುಗಿ ಆಗಲೂ ಹಿಂಜರಿದರೆ ‘ನಾನೂ ಮಾಡಿದ್ದೇನೆ, ಯಾರಿಗೂ ಗೊತ್ತಾಗಿಲ್ಲ’ ಎಂದು ಫೋನಿನಲ್ಲಿ ಧೈರ್ಯ ಹೇಳಲು ದುಡ್ಡು ಕೊಟ್ಟು ಬೇರೆ ಯುವತಿಯರನ್ನೇ ಗೊತ್ತುಮಾಡಿದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನ್ನನ್ನು ಇಡೀ ಪ್ರಕರಣದಲ್ಲಿ ಹೆಚ್ಚು ಕಾಡಿದ್ದು ಈ ವಿವರ. ಹುಡುಗಿಯೊಬ್ಬಳು ಕೊನೆಯ ಗಳಿಗೆಯಲ್ಲಿ ನಂಬುವುದು ಇನ್ನೊಬ್ಬ ಹುಡುಗಿಯ ಮಾತನ್ನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲ್ ಕೋಣೆಯಲ್ಲಿ, ಓದಲು ಪುರುಸೊತ್ತು ಕೊಡದೆ, ಜಾಲತಾಣದ ಹೆಸರೇ ಇಲ್ಲದ ಕರಾರುಪತ್ರಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಬೇಡವೆಂದು ಎದ್ದವರಿಗೆ ದಾವೆ ಹೂಡುವ, ಊರಿಗೆ ಮರಳುವ ವಿಮಾನದ ಟಿಕೆಟ್ ರದ್ದುಮಾಡುವ ಬೆದರಿಕೆ. ಇಷ್ಟಾದ ಮೇಲೆ ಚಿತ್ರ ಇಂಟರ್‌ನೆಟ್‌ನಲ್ಲಿ ಬರುತ್ತಿತ್ತು. ಅದರ ಕೊಂಡಿ ತಂದೆತಾಯಿಗೆ, ಸಹಪಾಠಿಗಳಿಗೆ ತಲುಪುತ್ತಿತ್ತು. ಕಾಲೇಜು ಬಿಟ್ಟವರು, ಹೆಸರನ್ನೇ ಬದಲಿಸಿಕೊಂಡವರು ಅವರಲ್ಲಿದ್ದಾರೆ.

22 ಮಂದಿ ಯುವತಿಯರು ಹೂಡಿದ ಸಿವಿಲ್ ದಾವೆಯಲ್ಲಿ 2020ರ ಜನವರಿಯಲ್ಲಿ ಬಂದ ತೀರ್ಪು ಸುಮಾರು 1.27 ಕೋಟಿ ಡಾಲರ್ ಪರಿಹಾರವನ್ನಷ್ಟೇ ಅಲ್ಲ, ಆ ಚಿತ್ರಗಳ ಒಡೆತನವನ್ನೂ ಅವರಿಗೇ ಕೊಟ್ಟಿತು. ಸಹಿ ಹಾಕಿದ ಕಾಗದ ಮೋಸಗಾರರನ್ನು ಕಾಯಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ಹೊರಿಸಿದ್ದು ಅಶ್ಲೀಲತೆಯ ಆರೋಪವನ್ನಲ್ಲ. ಬಲಾತ್ಕಾರ, ವಂಚನೆ, ಬೆದರಿಕೆಗಳಿಂದ ನಡೆಸಿದ ಮಾನವ ಕಳ್ಳಸಾಗಣೆಯ ಆರೋಪವನ್ನು. 2019ರಲ್ಲಿ ತಲೆಮರೆಸಿಕೊಂಡ ಪ್ರ್ಯಾಟ್ ಸಿಕ್ಕಿದ್ದು 2022ರ ಕೊನೆಗೆ, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಈ ಚಿತ್ರಗಳಿಗೆ ಜಾಗ ಕೊಟ್ಟು ಹಣ ಮಾಡಿದ ಪೋರ್ನ್‌ಹಬ್‌ನ ಒಡೆಯ ಕಂಪನಿ, ಆ ಹಣ ಪಡೆದದ್ದನ್ನು 2023ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು ಸರ್ಕಾರಕ್ಕೆ 18 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಲು ಮತ್ತು ಸಂತ್ರಸ್ತರಿಗೆ ಪರಿಹಾರ ಕೊಡಲು ಒಪ್ಪಿತು. ಆ ವ್ಯಾಪಾರದ ಗಾತ್ರ ನೋಡಿದರೆ ಇದು ಚಿಲ್ಲರೆ ಕಾಸು.

ನಮ್ಮ ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲವೆಂದಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಮಾನವ ಕಳ್ಳಸಾಗಣೆಯನ್ನು ನಿರ್ಣಯಿಸುವಾಗ ಸಂತ್ರಸ್ತರ ಸಮ್ಮತಿ ಮುಖ್ಯವಲ್ಲ ಎಂದು ವಿವರಣೆಯಲ್ಲೇ ಹೇಳುತ್ತದೆ. 77ನೇ ಕಲಂನ ವಿವರಣೆ ಇನ್ನೂ ಸ್ಪಷ್ಟ: ಚಿತ್ರೀಕರಣಕ್ಕೆ ಹೆಣ್ಣು ಒಪ್ಪಿದ್ದರೂ ಹಂಚಿಕೆಗೆ ಒಪ್ಪಿರದಿದ್ದರೆ, ಹಂಚಿದ್ದು ಅಪರಾಧ. ಆದರೆ ಇಂಥ ಪ್ರಕರಣಗಳಲ್ಲಿ ಮೊದಲು ನೆನಪಾಗುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ, ಪ್ರಸಾರವಾದದ್ದು ಲೈಂಗಿಕ ದೃಶ್ಯವೇ ಎಂದು ನೋಡುತ್ತದೆಯೇ ಹೊರತು ಹುಡುಗಿಯನ್ನು ಏನು ಹೇಳಿ ಕರೆತಂದಿದ್ದರು ಎಂದು ಕೇಳುವುದಿಲ್ಲ. ದೂರು ಕೊಡಲು ಹೋದ ನಾನೇ ಆರೋಪಿಯಾದರೆ ಎಂಬ ಭಯ ಅವಳಲ್ಲಿ ಹುಟ್ಟುವುದು ಇಲ್ಲಿಯೇ.

ವೆಬ್ ಸರಣಿಯಲ್ಲಿ ಪಾತ್ರ ಕೊಡುತ್ತೇವೆಂದು ಕರೆಸಿ, ಒತ್ತಾಯದಿಂದ ಇಂಥ ಚಿತ್ರಗಳಲ್ಲಿ ನಟಿಸುವಂತೆ ಮಾಡಿದರೆಂಬ ಆರೋಪ 2021ರಲ್ಲಿ ಮುಂಬೈ ಪೊಲೀಸರು ದಾಖಲಿಸಿದ ಪ್ರಕರಣದಲ್ಲೂ ಇತ್ತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 18, 2025ರ ಜುಲೈನಲ್ಲಿ ಮತ್ತೆ 25 ಒಟಿಟಿ ವೇದಿಕೆಗಳನ್ನು ನಿರ್ಬಂಧಿಸಿದಾಗ ನಡೆದ ಚರ್ಚೆಯಾದರೋ ಸುತ್ತಿದ್ದು ಅಶ್ಲೀಲತೆ ಮತ್ತು ಸಂಸ್ಕೃತಿಯ ಸುತ್ತ. ಅವುಗಳಲ್ಲಿ ನಟಿಸಿದ ಹುಡುಗಿಯರು ಯಾವ ಊರಿನವರು, ಯಾವ ಮಾತು ನಂಬಿ ಬಂದರು, ಅವರಿಗೆ ಹಣ ಸಂದಾಯವಾಯಿತೇ ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ. ನೋಡುವವರ ಶೀಲ ಕೆಡುತ್ತದೆಂಬ ಚಿಂತೆಯ ಮುಂದೆ, ನಟಿಸಿದವಳ ಬದುಕು ಕೆಟ್ಟದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆದ್ದರಿಂದ ಎರಡು ಕೋರಿಕೆಗಳು. ಮೊದಲನೆಯದು ಪೊಲೀಸ್ ಇಲಾಖೆಗೆ: ಜಿಲ್ಲೆಗಳ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಲ್ಲಿ ಇಂಥ ದೂರು ಬಂದಾಗ 67ಎ ಕಲಂ ಒಂದನ್ನೇ ಹಾಕಿ ಕೈತೊಳೆದುಕೊಳ್ಳದೆ, ಕರೆತಂದದ್ದು ಹೇಗೆ, ಹಣ ಯಾರ ಖಾತೆಗೆ ಹೋಯಿತು ಎಂಬುದನ್ನು ತನಿಖೆ ಮಾಡಿ 77 ಮತ್ತು 143ನೇ ಕಲಂಗಳನ್ನೂ ಪರಿಶೀಲಿಸಬೇಕು. ತೆಗೆದುಹಾಕಿದ ವಿಡಿಯೊ ಬೇರೆ ಹೆಸರಿನಲ್ಲಿ ಮತ್ತೆ ತಲೆಯೆತ್ತುವುದರಿಂದ, ಅದನ್ನು ಹುಡುಕುತ್ತ ಕೂರುವ ಹಿಂಸೆಯ ಕೆಲಸವನ್ನು ಆ ಹುಡುಗಿಯ ತಲೆಗೇ ಕಟ್ಟಬಾರದು.

ಎರಡನೆಯದು ತಮಗೆ. ಮಕ್ಕಳನ್ನು ಬಳಸಿದ ಚಿತ್ರಗಳಿಗೆ ‘ಪೋರ್ನೋಗ್ರಫಿ’ ಎಂಬ ಪದವನ್ನೇ ಬಳಸಬಾರದು, ಅದು ಶೋಷಣೆಯ ದಾಖಲೆ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯಗಳಿಗೆ ಸೂಚಿಸಿದೆ. ವಯಸ್ಕ ಯುವತಿಯರನ್ನು ವಂಚಿಸಿ ತೆಗೆದ ಚಿತ್ರಗಳ ವಿಷಯದಲ್ಲೂ ಪತ್ರಿಕೆಗಳು ಅದೇ ಎಚ್ಚರ ವಹಿಸಬಹುದು. ‘ರಾಸಲೀಲೆ’, ‘ಕಾಮಕಾಂಡ’ ಎಂಬ ತಲೆಬರಹಗಳನ್ನು ಕೈಬಿಟ್ಟು, ಆಕೆಯ ಊರು, ಕಾಲೇಜು, ಓದುತ್ತಿರುವ ತರಗತಿ ಯಾವುದನ್ನೂ ಅಚ್ಚು ಹಾಕದಿರುವಂತೆ ತಮ್ಮ ವರದಿಗಾರರಿಗೆ ತಿಳಿಸಬೇಕೆಂದು ವಿನಂತಿ. ಹೆಸರು ಬಿಟ್ಟರೂ ಈ ಮೂರು ವಿವರಗಳಿದ್ದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

– ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ