ಅಗೆದರೆ ಸಾಲದು, ಬಿಡಿಸಬೇಕು

ಪ್ರೀತಿಯ ಪುಟ್ಟಿ,

ರೇರ್ ಅರ್ತ್ ಅನ್ನುವ ಲೋಹ ಧಾತುಗಳ ಗಣಿಗಳ ಕಡೆ ಕೆಲಸ ಮಾಡಬೇಕು ಅಂತ ನೀನು ಬರೆದದ್ದು ಓದಿ ತುಂಬಾ ಖುಷಿಯಾಯಿತು. ಆದರೆ ಕೋರ್ಸ್ ಸೇರುವ ಮೊದಲು ಮಾವನ ಮಾತು ಸ್ವಲ್ಪ ಕೇಳು. ಗಣಿಗಿಂತ ಆ ಧಾತುಗಳನ್ನು ಬೇರ್ಪಡಿಸುವ ರಸಾಯನಶಾಸ್ತ್ರ ಕಲಿ.

ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿ ಮ್ಯಾಗ್ನೆಟ್ ತೆಗೆದಿದ್ದೆವಲ್ಲ, ನೆನಪಿದೆಯಾ? ಎರಡು ಸಣ್ಣ ತುಂಡು ಹತ್ತಿರ ತಂದ ಕೂಡಲೇ ಟಪ್ ಅಂತ ಕಚ್ಚಿಕೊಂಡು ನಿನ್ನ ಬೆರಳು ಚಿವುಟಿದ್ದವು. ಅದರಲ್ಲಿದ್ದದ್ದು ಕಬ್ಬಿಣ, ಬೋರಾನ್, ಜೊತೆಗೆ ನಿಯೋಡಿಮಿಯಂ ಅನ್ನುವ ರೇರ್ ಅರ್ತ್. ಕಾರಿನ ಮೋಟರ್ ಬಿಸಿಯಾದಾಗಲೂ ಅಂಥ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳಬಾರದು ಅಂತ ಡಿಸ್ಪ್ರೋಸಿಯಂ ಅನ್ನುವ ಇನ್ನೊಂದು ರೇರ್ ಅರ್ತ್ ಸೇರಿಸುತ್ತಾರೆ.

ರೇರ್ ಅಂದರೆ ಅಪರೂಪ ಅಂತ ಹೆಸರು ನೋಡಿ ಮೋಸ ಹೋಗಬೇಡ. ಇವುಗಳಲ್ಲೊಂದಾದ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಭೂಮಿಯಲ್ಲಿದೆ. ತೊಂದರೆ ಏನೆಂದರೆ, ಈ 17 ಧಾತುಗಳ ಗುಣ ಒಂದೇ ತಾಯಿಯ ಮಕ್ಕಳ ಹಾಗೆ, ಒಂದನ್ನು ಇನ್ನೊಂದರಿಂದ ಬಿಡಿಸಲು ಆಮ್ಲದಲ್ಲಿ ಕರಗಿಸಿ, ದ್ರಾವಕದ ಜೊತೆ ಕಲಕಿ, ತಿಳಿಯಾಗಲು ಬಿಟ್ಟು, ಮತ್ತೆ ಕಲಕಿ, ಹೀಗೆ ನೂರಾರು ಹಂತ ದಾಟಬೇಕು. ಜಗತ್ತಿನ ಈ ಕೆಲಸದಲ್ಲಿ ಸುಮಾರು 90% ಚೀನಾದ ಕೈಯಲ್ಲಿದೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನಲ್ಲಿ ಒಳ್ಳೆಯ ಅದಿರೇ ಇತ್ತು, ಆದರೂ ಎಷ್ಟೋ ವರ್ಷ ಅದನ್ನು ಬಿಡಿಸಲು ಚೀನಾಕ್ಕೇ ಕಳಿಸುತ್ತಿದ್ದರು!

ಹಿಡಿತ ಅಂದರೆ ಇದೇ ಅಲ್ವಾ? 2010ರಲ್ಲಿ ಒಂದು ಮೀನುಗಾರಿಕೆ ದೋಣಿಯ ಜಗಳಕ್ಕೆ ಚೀನಾದಿಂದ ಜಪಾನಿಗೆ ಹೋಗುವ ರೇರ್ ಅರ್ತ್ ಸರಕು ನಿಂತಿತು. ಜಪಾನ್ ಸುಮ್ನೆ ಕೂರಲಿಲ್ಲ, ಆಸ್ಟ್ರೇಲಿಯಾದ ಲೈನಾಸ್ ಅನ್ನುವ ರೇರ್ ಅರ್ತ್ ಕಂಪನಿಗೆ ದುಡ್ಡು ಹಾಕಿತು, ಮಲೇಷ್ಯಾದಲ್ಲಿ ಅದರ ಬಿಡಿಸುವ ಕಾರ್ಖಾನೆ ಎದ್ದಿತು. ಇಷ್ಟಾದರೂ ಜಪಾನ್ ಇವತ್ತಿಗೂ ಅರ್ಧಕ್ಕಿಂತ ಜಾಸ್ತಿ ತರಿಸುವುದು ಚೀನಾದಿಂದಲೇ. 2025ರ ಏಪ್ರಿಲ್‌ನಲ್ಲಿ ಚೀನಾ 7 ಧಾತುಗಳ ರಫ್ತಿಗೆ ಪರವಾನಗಿ ಬೇಕು ಅಂದಿತು, ಕೆಲವೇ ವಾರಗಳಲ್ಲಿ ಬೇರೆ ದೇಶಗಳ ಕೆಲವು ಕಾರ್ ಕಾರ್ಖಾನೆಗಳು ಮ್ಯಾಗ್ನೆಟ್ ಇಲ್ಲದೆ ಕೆಲಸ ನಿಲ್ಲಿಸಿದವು. ಹೊಸ ಗಣಿ ಸಿಕ್ಕಿತು ಅನ್ನುವ ಸುದ್ದಿ ಬಂದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ, ಬಿಡಿಸೋರು ಯಾರು?

ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ತುಂಬಾ ಚುಚ್ಚುವ ವಿಷಯ. ಚೀನಾದ ಬಾವೊಟೌ ಊರಿನ ಪಕ್ಕ ಈ ಕೆಲಸದ ಕೊಳೆ ಸುರಿದ, ಕೆರೆಯಷ್ಟು ದೊಡ್ಡ ಕೆಸರಿನ ಹೊಂಡವಿದೆ, ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಕೂಡ ಇದೆ. ಇದೇ ಧಾತುಗಳಿಗಾಗಿ ಮ್ಯಾನ್ಮಾರಿನ ಕಾಚಿನ್ ಬೆಟ್ಟಗಳಿಗೆ ತೂತು ಕೊರೆದು ರಾಸಾಯನಿಕ ಸುರಿಯುತ್ತಾರೆ, ಆ ವಿಷ ಹೊಳೆಗೆ ಸೇರುತ್ತದೆ. ನೀನು ಯಾವ ಕಾರ್ಖಾನೆಗೆ ಹೋದರೂ ಮೊದಲು ಕೊಳೆನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳು. ಉತ್ತರ ಕೊಡದಿದ್ದರೆ ಸಂಬಳ ಎಷ್ಟೇ ಇರಲಿ, ಅಲ್ಲಿ ಸೇರಬೇಡ.

ಸಿಲಬಸ್ ಕಳಿಸು. ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್, ಅಂದರೆ ಆ ದ್ರಾವಕದಿಂದ ಬಿಡಿಸುವ ವಿಧಾನ, ಯಾವ ಸೆಮಿಸ್ಟರ್‌ನಲ್ಲಿದೆ, ಲ್ಯಾಬ್ ಇದೆಯಾ ಅಂತ ಇಬ್ಬರೂ ಕೂತು ನೋಡೋಣ.

ನಿನ್ನ ಮಾವ